ಪ್ಲೇಯರ್‌ನಲ್ಲಿ ಮೆಮೊರಿ ಕಾರ್ಡ್ ಕೈಕೊಟ್ಟಿತಾ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಮ್ಯೂಸಿಕ್ ಪ್ಲೇಯರ್‌ಗೆ ಕಾರ್ಡ್ ಹಾಕಿದರೆ ‘ಕಾರ್ಡ್ ಇಲ್ಲ’ ಅಂತ ಬರುತ್ತದೆ. ಇಲ್ಲವೇ ಕಾರ್ಡ್ ಕಾಣುತ್ತದೆ, ಆದರೆ ಹಾಡುಗಳಲ್ಲಿ ಅರ್ಧ ನಾಪತ್ತೆ. ಇನ್ನು ಕೆಲವರಿಗೆ ಹಾಡುಗಳೆಲ್ಲ ಕಾಣುತ್ತವೆ, ಯಾವುದೋ ಒಂದು ಹಾಡಿನ ಹತ್ತಿರ ಬಂದಾಗ ಮಾತ್ರ ಪ್ಲೇಯರ್ ಹ್ಯಾಂಗ್ ಆಗುತ್ತದೆ. ಈ ಮೂರಕ್ಕೂ ಸಾಮಾನ್ಯವಾಗಿ ಬರುವ ಮಾತು ಒಂದೇ: ‘ಕಾರ್ಡ್ ಹೋಯ್ತು.’ ಆಮೇಲೆ ಮಾಡುವ ಕೆಲಸವೂ ಒಂದೇ: ಫಾರ್ಮ್ಯಾಟ್.

ಸ್ವಲ್ಪ ತಡೆಯಿರಿ. ಈ ಮೂರೂ ಬೇರೆ ಬೇರೆ ಕಾಯಿಲೆಗಳು. ಕಾರ್ಡಿನಲ್ಲಿರುವ ಹಾಡು ಕಿವಿಗೆ ಬೀಳಬೇಕಾದರೆ ಕೆಲವು ಹಂತ ದಾಟಿ ಬರಬೇಕು. ಮೊದಲು ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳು ಸ್ಲಾಟ್‌ನ ಪಿನ್ನುಗಳಿಗೆ ಸರಿಯಾಗಿ ತಾಗಬೇಕು. ಕಾರ್ಡಿನ ಒಳಗಿನ ಚಿಪ್ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಕಾರ್ಡನ್ನು ಯಾವ ರೀತಿ ಫಾರ್ಮ್ಯಾಟ್ ಮಾಡಿದ್ದೀರೋ ಅದು ಪ್ಲೇಯರ್‌ಗೆ ಅರ್ಥವಾಗಬೇಕು. ಹಾಡಿನ ಫೈಲ್ ನೆಟ್ಟಗಿರಬೇಕು. ಕೊನೆಗೆ ಪ್ಲೇಯರ್ ತನ್ನೊಳಗೆ ಮಾಡಿಕೊಳ್ಳುವ ಹಾಡುಗಳ ಪಟ್ಟಿ ಸರಿಯಿರಬೇಕು. ಫಾರ್ಮ್ಯಾಟ್ ಮಾಡುವುದರಿಂದ ನೇರವಾಗಿ ಸರಿಹೋಗುವುದು ಇದರಲ್ಲಿ ಒಂದೇ ಹಂತ. ಉಳಿದ ಕಡೆ ತಪ್ಪಿದ್ದರೆ ಹಾಡುಗಳು ಹೋಗುತ್ತವೆ, ತೊಂದರೆ ಅಲ್ಲೇ ಇರುತ್ತದೆ.

ಹಾಗಾಗಿ ಮೊದಲು ತಪ್ಪು ಯಾವ ಹಂತದಲ್ಲಿದೆ ಅಂತ ಪತ್ತೆ ಮಾಡೋಣ.

ಕಾರ್ಡೋ, ಪ್ಲೇಯರೋ?

ಇದನ್ನು ತೀರ್ಮಾನಿಸಲು ಒಂದು ಕಾರ್ಡ್ ರೀಡರ್ ಮತ್ತು ಇನ್ನೊಂದು ಚಾಲ್ತಿಯಲ್ಲಿರುವ ಕಾರ್ಡ್ ಇದ್ದರೆ ಸಾಕು. ತೊಂದರೆ ಕೊಡುವ ಕಾರ್ಡನ್ನು ರೀಡರ್‌ಗೆ ಹಾಕಿ ಕಂಪ್ಯೂಟರ್‌ನಲ್ಲಿ ನೋಡಿ. ಆ ಇನ್ನೊಂದು ಕಾರ್ಡನ್ನು ಪ್ಲೇಯರ್‌ಗೆ ಹಾಕಿ ನೋಡಿ. ಎರಡು ಉತ್ತರ ಸೇರಿದರೆ ಹುಡುಕಾಟ ಅರ್ಧ ಮುಗಿದಂತೆ. ಕಂಪ್ಯೂಟರ್‌ನಲ್ಲೂ ಕಾರ್ಡ್ ಕಾಣದಿದ್ದರೆ ಪ್ಲೇಯರನ್ನು ಬೈದು ಪ್ರಯೋಜನವಿಲ್ಲ. ಬೇರೆ ಕಾರ್ಡ್ ಕೂಡ ಪ್ಲೇಯರ್‌ನಲ್ಲಿ ಕಾಣದಿದ್ದರೆ ಹೊಸ ಕಾರ್ಡ್ ತಂದು ದುಡ್ಡು ಹಾಳು ಮಾಡಬೇಡಿ, ಸ್ಲಾಟ್ ಕಡೆ ನೋಡಿ.

ಇಲ್ಲಿ ಒಂದು ವಿಷಯ ಗಮನಿಸಿ. ಪ್ಲೇಯರನ್ನೇ ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ ಕಾರ್ಡ್ ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ. ಆಗ ಕೇಬಲ್, ಪ್ಲೇಯರ್‌ನ ಸಾಫ್ಟ್‌ವೇರ್, ಸ್ಲಾಟ್ ಎಲ್ಲವೂ ನಡುವೆ ಬರುತ್ತವೆ. ಅದರಲ್ಲೂ ಪ್ಲೇಯರ್ ಎಂಟಿಪಿ ಮೋಡ್‌ನಲ್ಲಿದ್ದರೆ ಕಂಪ್ಯೂಟರ್‌ಗೆ ಕಾರ್ಡ್ ನೇರವಾಗಿ ಕಾಣುವುದೇ ಇಲ್ಲ. ಪ್ಲೇಯರ್ ಏನು ತೋರಿಸುತ್ತದೋ ಅಷ್ಟೇ ಕಾಣುತ್ತದೆ. ರಿಪೇರಿ ಸಾಧನಗಳು ಅಲ್ಲಿ ಕೆಲಸ ಮಾಡುವುದಿಲ್ಲ. ರೀಡರ್ ಬಳಸಿ.

ಕಂಪ್ಯೂಟರ್‌ನಲ್ಲಿ ಕಾರ್ಡ್ ತೆರೆದುಕೊಂಡರೆ ಮೊದಲ ಕೆಲಸ ಹಾಡುಗಳನ್ನೆಲ್ಲ ಕಾಪಿ ಮಾಡಿಟ್ಟುಕೊಳ್ಳುವುದು. ಬೇರೆ ಕಡೆ ಪ್ರತಿ ಇದೆ ಅಂತ ನೆನಪಿದ್ದರೂ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಸಾಯುತ್ತಿರುವ ಕಾರ್ಡ್ ಇವತ್ತು ಓದಿಸಿಕೊಂಡಿತು ಅಂದರೆ ನಾಳೆಯೂ ಓದಿಸಿಕೊಳ್ಳುತ್ತದೆ ಅಂತೇನಿಲ್ಲ.

ಪಿನ್ನು, ಧೂಳು, ಬೀಗ

ಮೈಕ್ರೋ ಎಸ್‌ಡಿ ಕಾರ್ಡಿನ ಹಿಂದೆ 8 ಪಟ್ಟಿಗಳಿವೆ. ಅವುಗಳಲ್ಲಿ 4 ಪಟ್ಟಿಗಳು ಡೇಟಾ ಸಾಗಿಸಲಿಕ್ಕೆ. ಉಳಿದವು ಕರೆಂಟ್, ನೆಲದ ಸಂಪರ್ಕ, ಕ್ಲಾಕ್ ಮತ್ತು ಆದೇಶಗಳಿಗೆ. ಕಾರ್ಡ್ 1 ಡೇಟಾ ತಂತಿಯಲ್ಲೂ ಮಾತಾಡಬಲ್ಲದು, ನಾಲ್ಕರಲ್ಲೂ ಮಾತಾಡಬಲ್ಲದು. ನಾಲ್ಕರಲ್ಲಿ ಒಂದು ಪಟ್ಟಿಯ ಮೇಲೆ ಬೆರಳಿನ ಜಿಡ್ಡು ಕೂತಿದ್ದರೂ ಸಾಕು, ಕಾರ್ಡ್ ಮೊದಲು ಕಂಡು ಆಮೇಲೆ ಓದುವಾಗ ಕೈಕೊಡಬಹುದು. ಒಮ್ಮೆ ಕಾಣುವುದು, ಒಮ್ಮೆ ಕಾಣದಿರುವುದು, ಪ್ಲೇಯರನ್ನು ಸ್ವಲ್ಪ ಅಲ್ಲಾಡಿಸಿದರೆ ಹಾಡು ನಿಲ್ಲುವುದು, ಇವೆಲ್ಲ ಹೆಚ್ಚಾಗಿ ಇದೇ ಜಾತಿಯ ತೊಂದರೆಗಳು.

ಪ್ಲೇಯರ್ ಆಫ್ ಮಾಡಿ ಕಾರ್ಡ್ ತೆಗೆಯಿರಿ. ಒಣಗಿದ, ನಾರು ಬಿಡದ ಬಟ್ಟೆಯಲ್ಲಿ ಪಟ್ಟಿಗಳನ್ನು ಒರೆಸಿ. ಜಿಡ್ಡು ಹೋಗದಿದ್ದರೆ ಬಟ್ಟೆಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಬ್ಲೇಡು, ಮರಳುಕಾಗದ ಬೇಡ. ಆ ಚಿನ್ನದ ಲೇಪ ತುಂಬ ತೆಳು. ಸ್ಲಾಟ್ ಒಳಗೆ ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಕೈಪಂಪಿನಿಂದ ಗಾಳಿ ಬಿಟ್ಟರೆ ಸಾಕು.

ಟಾರ್ಚ್ ಹಿಡಿದು ಸ್ಲಾಟ್ ಒಳಗೆ ನೋಡಿದರೆ ಸಣ್ಣ ಸ್ಪ್ರಿಂಗ್‌ನಂತಹ ಪಿನ್ನುಗಳ ಸಾಲು ಕಾಣುತ್ತದೆ. ಎಲ್ಲವೂ ಒಂದೇ ಎತ್ತರದಲ್ಲಿರಬೇಕು. ಒಂದು ತಗ್ಗಿದ್ದರೆ ಕಾರಣ ಅದೇ. ಹಲವು ಸ್ಲಾಟ್‌ಗಳಲ್ಲಿ ಇನ್ನೊಂದು ಪುಟ್ಟ ಸ್ವಿಚ್ ಇರುತ್ತದೆ. ಕಾರ್ಡ್ ಒಳಗೆ ಬಂತು ಅಂತ ಪ್ಲೇಯರ್‌ಗೆ ತಿಳಿಸುವುದು ಅದರ ಕೆಲಸ. ಅದು ಬಾಗಿದ್ದರೆ ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ಪ್ಲೇಯರ್ ಅದನ್ನು ಮಾತಾಡಿಸುವುದೇ ಇಲ್ಲ. ಕಾರ್ಡ್ ‘ಕ್ಲಿಕ್’ ಅಂತ ಕೂರುವ ತನಕ ಒತ್ತಿದ್ದೀರಾ ಅಂತಲೂ ನೋಡಿ. ಪಿನ್ನು ಬಾಗಿದ್ದರೆ ಸೂಜಿಯಿಂದ ಎತ್ತುವ ಸಾಹಸ ಬೇಡ, ರಿಪೇರಿ ಮಾಡುವವರಿಗೆ ಕೊಡಿ.

ಕಂಪ್ಯೂಟರ್‌ನಲ್ಲಿ ಕಾರ್ಡ್ ಓದಲು ಬರುತ್ತದೆ, ಬರೆಯಲು ಮಾತ್ರ ಬರುವುದಿಲ್ಲ ಅಂದರೆ ಅಡಾಪ್ಟರ್ (ಪುಟ್ಟ ಕಾರ್ಡನ್ನು ರೀಡರ್‌ಗೆ ಹಾಕಲು ಬಳಸುವ ದೊಡ್ಡ ಕವಚ) ಪಕ್ಕದ ಜಾರುಗುಂಡಿ ನೋಡಿ. ‘ಲಾಕ್’ ಕಡೆಗೆ ಜಾರಿದ್ದರೆ ರೀಡರ್ ಬರೆಯಲು ಬಿಡುವುದಿಲ್ಲ. ಆ ಗುಂಡಿಗೂ ಕಾರ್ಡಿನ ಚಿಪ್‌ಗೂ ಸಂಬಂಧವಿಲ್ಲ, ಅದರ ಜಾಗ ನೋಡಿ ತೀರ್ಮಾನಿಸುವುದು ರೀಡರ್. ಹಾಗಾಗಿ ಅಡಾಪ್ಟರ್ ಬದಲಿಸಿದರೂ ಸರಿಹೋಗುತ್ತದೆ.

ಕಾರ್ಡಿನ ಅಳತೆಯ ಗೊಂದಲ

ಹೆಚ್ಚು ಜನ ಎಡವುವುದು ಇಲ್ಲಿ. ಹೊರಗಿಂದ ನೋಡಲು ಎಲ್ಲ ಮೈಕ್ರೋ ಎಸ್‌ಡಿ ಕಾರ್ಡುಗಳೂ ಒಂದೇ ಥರ ಇರುತ್ತವೆ. ಒಳಗೆ ಬೇರೆ ಬೇರೆ ಪೀಳಿಗೆಗಳಿವೆ. 2 ಜಿಬಿ ತನಕ ಬರೀ ಎಸ್‌ಡಿ. ಅದಕ್ಕಿಂತ ದೊಡ್ಡದು, 32 ಜಿಬಿ ತನಕ ಎಸ್‌ಡಿಎಚ್‌ಸಿ, ಇದು 2006ರಲ್ಲಿ ಬಂತು. 32 ಜಿಬಿ ದಾಟಿದರೆ 2 ಟಿಬಿ ತನಕ ಎಸ್‌ಡಿಎಕ್ಸ್‌ಸಿ, ಇದು 2009ರದ್ದು.

ಮೊದಲ ಪೀಳಿಗೆಗೂ ಎರಡನೆಯದಕ್ಕೂ ನಡುವೆ ದೊಡ್ಡ ಕಂದಕವಿದೆ. ಹಳೆಯ ಎಸ್‌ಡಿ ಕಾರ್ಡಿಗೆ ‘ಇಂತಿಷ್ಟನೇ ಬೈಟ್ ಕೊಡು’ ಅಂತ ಕೇಳಬೇಕು. ವಿಳಾಸಕ್ಕೆ ಇರುವ ಜಾಗ 32 ಬಿಟ್. ಅಷ್ಟರಲ್ಲಿ 4 ಜಿಬಿ ದಾಟಿ ಎಣಿಸಲು ಆಗುವುದಿಲ್ಲ. ಎಸ್‌ಡಿಎಚ್‌ಸಿಯಲ್ಲಿ ಈ ಲೆಕ್ಕವನ್ನೇ ಬದಲಿಸಿದರು. ಅಲ್ಲಿ ಬೈಟ್ ಬದಲು 512 ಬೈಟ್‌ಗಳ ಒಂದೊಂದು ತುಂಡಿಗೆ ಒಂದೊಂದು ನಂಬರ್. ಅದೇ 32 ಬಿಟ್‌ನಲ್ಲಿ ಈಗ 2 ಟಿಬಿ ತನಕ ಎಣಿಸಬಹುದು. ಹಳೆಯ ಲೆಕ್ಕ ಮಾತ್ರ ಗೊತ್ತಿರುವ ಪ್ಲೇಯರ್‌ಗೆ ಹೊಸ ಲೆಕ್ಕದ ಕಾರ್ಡ್ ಹಾಕಿದರೆ ಅದನ್ನು ಓದಲು ಬರುವುದಿಲ್ಲ. ಫಾರ್ಮ್ಯಾಟ್ ಬದಲಿಸಿದರೂ ಅಷ್ಟೆ. ಕಂಪನಿ ಹೊಸ ಫರ್ಮ್‌ವೇರ್ (ಪ್ಲೇಯರ್ ಒಳಗಿನ ಸಾಫ್ಟ್‌ವೇರ್) ಕೊಟ್ಟಿದ್ದರೆ ಒಂದು ಆಸೆ, ಇಲ್ಲದಿದ್ದರೆ ಆ ಪ್ಲೇಯರ್‌ಗೆ 2 ಜಿಬಿ ಕಾರ್ಡೇ ಗತಿ.

ಎಸ್‌ಡಿಎಚ್‌ಸಿಯಿಂದ ಎಸ್‌ಡಿಎಕ್ಸ್‌ಸಿಗೆ ಬಂದಾಗ ಈ ಲೆಕ್ಕ ಬದಲಾಗಲಿಲ್ಲ. ಬದಲಾಗಿದ್ದು ಅಂಗಡಿಯಿಂದ ಬರುವಾಗ ಇರುವ ಫಾರ್ಮ್ಯಾಟ್. ಎಸ್‌ಡಿಎಚ್‌ಸಿ ಕಾರ್ಡು ಫ್ಯಾಟ್32 ಆಗಿ ಬರುತ್ತದೆ, 64 ಜಿಬಿ ಮತ್ತು ಅದರ ಮೇಲಿನವು ಎಕ್ಸ್‌ಫ್ಯಾಟ್ ಆಗಿ ಬರುತ್ತವೆ. ಹೀಗಾಗಿ ‘32 ಜಿಬಿ ತನಕ ಮಾತ್ರ’ ಅಂತ ಡಬ್ಬಿ ಮೇಲೆ ಬರೆದಿರುವ ಎಷ್ಟೋ ಪ್ಲೇಯರ್‌ಗಳು 64 ಜಿಬಿ ಕಾರ್ಡನ್ನು ಫ್ಯಾಟ್32 ಮಾಡಿ ಕೊಟ್ಟರೆ ಆರಾಮಾಗಿ ಓದುತ್ತವೆ. ಸ್ಯಾನ್‌ಡಿಸ್ಕ್‌ನ ಸಾನ್ಸಾ ಕ್ಲಿಪ್ ಪ್ಲಸ್ ಇದಕ್ಕೆ ಒಳ್ಳೆಯ ಉದಾಹರಣೆ. ಎಸ್‌ಡಿಎಚ್‌ಸಿ ಕಾಲದ ಆ ಪುಟ್ಟ ಪ್ಲೇಯರ್‌ನಲ್ಲಿ ಜನ ಇದೇ ಉಪಾಯದಿಂದ ದೊಡ್ಡ ಕಾರ್ಡ್ ಓಡಿಸಿದರು. ಎಲ್ಲ ಪ್ಲೇಯರ್‌ನಲ್ಲೂ ಆಗುತ್ತದೆ ಅಂತ ಭರವಸೆ ಕೊಡಲಾಗದು. ಆದರೆ ಹಳೆಯ ಪ್ಲೇಯರ್ ಮೂಲೆಗೆ ಹಾಕುವ ಮೊದಲು ಇದೊಂದನ್ನು ಖಂಡಿತ ಮಾಡಿ ನೋಡಬೇಕು.

ಇದಕ್ಕೆ ಅಡ್ಡ ಬರುವುದು ನಮ್ಮ ಸಾಧನಗಳು. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಫ್ಯಾಟ್32 ಅನ್ನುವ ಆಯ್ಕೆಯೇ ಬಹಳ ವರ್ಷ ಇರಲಿಲ್ಲ. ಅದನ್ನು ನೋಡಿ ದೊಡ್ಡ ಕಾರ್ಡಿಗೆ ಫ್ಯಾಟ್32 ಆಗುವುದೇ ಇಲ್ಲ ಅಂದುಕೊಂಡವರು ಬಹಳ. ಆ ಮಿತಿ ಆ ಕಿಟಕಿಯದ್ದು, ಫ್ಯಾಟ್32 ಇನ್ನೂ ದೊಡ್ಡ ಜಾಗ ನೋಡಿಕೊಳ್ಳಬಲ್ಲದು. ರೂಫಸ್, ಜಿಯುಐಫಾರ್ಮ್ಯಾಟ್ ಥರದ ಉಚಿತ ಸಾಧನಗಳಲ್ಲಿ ಈ ಕೆಲಸ ಕ್ಷಣದಲ್ಲಿ ಆಗುತ್ತದೆ. ಈ ಕಾರ್ಡುಗಳ ನಿಯಮ ಮಾಡುವ ಎಸ್‌ಡಿ ಅಸೋಸಿಯೇಷನ್‌ನವರದ್ದೇ ಒಂದು ಒಳ್ಳೆಯ ಫಾರ್ಮ್ಯಾಟರ್ ಇದೆ. ಅದು ನಿಯಮದ ಪ್ರಕಾರ ನಡೆಯುತ್ತದೆ, 64 ಜಿಬಿ ಕಾರ್ಡನ್ನು ಎಕ್ಸ್‌ಫ್ಯಾಟೇ ಮಾಡುತ್ತದೆ. ನಿಮ್ಮ ಪ್ಲೇಯರ್‌ಗೆ ಎಕ್ಸ್‌ಫ್ಯಾಟ್ ಬರುತ್ತದೆ ಅಂದರೆ ಅದನ್ನೇ ಬಳಸಿ. ಪ್ಲೇಯರ್‌ನ ಮೆನುವಿನಲ್ಲೇ ಫಾರ್ಮ್ಯಾಟ್ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು, ತನಗೆ ಯಾವುದು ಬೇಕೋ ಅದೇ ಮಾಡಿಕೊಳ್ಳುತ್ತದೆ.

ಮ್ಯಾಕ್ ಬಳಸುವವರಿಗೆ ಇನ್ನೊಂದು ಸೂಕ್ಷ್ಮವಿದೆ. ಡಿಸ್ಕ್ ಯುಟಿಲಿಟಿಯಲ್ಲಿ ಫಾರ್ಮ್ಯಾಟ್ ಜೊತೆಗೆ ‘ಸ್ಕೀಮ್’ ಅಂತ ಒಂದು ಆಯ್ಕೆ ಇರುತ್ತದೆ. ಕಾರ್ಡನ್ನು ಎಷ್ಟು ಭಾಗ ಮಾಡಿದೆ, ಯಾವ ಭಾಗ ಎಲ್ಲಿ ಶುರು ಅನ್ನುವ ನಕ್ಷೆ ಅದು. ಅಲ್ಲಿ ಜಿಪಿಟಿ ಅಂತಿದ್ದರೆ ಎಷ್ಟೋ ಪುಟ್ಟ ಪ್ಲೇಯರ್‌ಗಳಿಗೆ ಓದಲು ಬರುವುದಿಲ್ಲ. ‘ಮಾಸ್ಟರ್ ಬೂಟ್ ರೆಕಾರ್ಡ್’ ಆರಿಸಿ. ಆ ಆಯ್ಕೆ ಕಾಣದಿದ್ದರೆ ಎಲ್ಲ ಡಿವೈಸ್‌ಗಳನ್ನೂ ತೋರಿಸು ಅಂತ ಮೊದಲು ಹೇಳಬೇಕು, ಆಮೇಲೆ ಕಾರ್ಡಿನ ಮೇಲಿನ ಸಾಲನ್ನು ಆರಿಸಬೇಕು.

ಮೊಬೈಲ್‌ನಿಂದ ತೆಗೆದ ಕಾರ್ಡ್ ಓದದಿದ್ದರೆ ಕಾರಣ ಬೇರೆ ಇರಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಅದನ್ನು ಒಳಗಿನ ಮೆಮೊರಿಯ ಭಾಗವಾಗಿ ಸೇರಿಸಿಕೊಂಡಿದ್ದರೆ ಕಾರ್ಡ್ ಪೂರ್ತಿ ಎನ್‌ಕ್ರಿಪ್ಟ್ ಆಗಿರುತ್ತದೆ. ಆ ಫೋನ್ ಬಿಟ್ಟು ಬೇರೆ ಯಾವುದಕ್ಕೂ ಅದು ತೆರೆಯುವುದಿಲ್ಲ. ಅದರೊಳಗೆ ಬೇಕಾದದ್ದು ಇದ್ದರೆ ಕಾರ್ಡನ್ನು ಮತ್ತೆ ಅದೇ ಫೋನಿಗೆ ಹಾಕಿ ತೆಗೆದುಕೊಳ್ಳಿ, ಆಮೇಲೆ ಫಾರ್ಮ್ಯಾಟ್ ಮಾಡಿ.

64 ಜಿಬಿ ಕಾರ್ಡ್ 59.6 ಜಿಬಿ ಅಂತ ತೋರಿಸುತ್ತಿದೆ, ಮೋಸ ಆಯ್ತಾ ಅಂತ ಕೇಳುವವರಿದ್ದಾರೆ. ಇಲ್ಲ. ಕಂಪನಿ 1 ಜಿಬಿ ಅಂದರೆ 100 ಕೋಟಿ ಬೈಟ್ ಅನ್ನುತ್ತದೆ. ವಿಂಡೋಸ್ 107 ಕೋಟಿ ಚಿಲ್ಲರೆ ಅಂತ ಎಣಿಸುತ್ತದೆ. ಲೆಕ್ಕದ ಅಂತರ ಅಷ್ಟೆ.

ಜಾಗ ಇದ್ದರೂ ‘ಜಾಗ ಇಲ್ಲ’

ಹಳೆಯ 1 ಅಥವಾ 2 ಜಿಬಿ ಕಾರ್ಡಿನಲ್ಲಿ ಇದು ಕಾಣಿಸುತ್ತದೆ. ನೂರು ಹಾಡು ಹಾಕುವಷ್ಟರಲ್ಲಿ ‘ಕಾರ್ಡ್ ತುಂಬಿದೆ’ ಅನ್ನುತ್ತದೆ. ನೋಡಿದರೆ ಅರ್ಧಕ್ಕರ್ಧ ಖಾಲಿ. ಕಾರ್ಡ್ ಕೆಟ್ಟಿಲ್ಲ, ಇದು ಫ್ಯಾಟ್16 ಫಾರ್ಮ್ಯಾಟಿನ ಗುಣ. ಅದರಲ್ಲಿ ಯಾವ ಫೋಲ್ಡರಿಗೂ ಹಾಕದೆ ನೇರವಾಗಿ ಇಡುವ ಫೈಲುಗಳ ಪಟ್ಟಿಗೆ ಸಾಮಾನ್ಯವಾಗಿ 512 ಸಾಲು ಮಾತ್ರ. ಒಂದು ಫೈಲಿಗೆ ಒಂದೇ ಸಾಲು ಹಿಡಿಯುವುದು ಹೆಸರು ಚಿಕ್ಕದಿದ್ದಾಗ. ಹೆಸರು ಉದ್ದ ಇದ್ದರೆ ಪ್ರತಿ 13 ಅಕ್ಷರಕ್ಕೆ ಇನ್ನೊಂದು ಸಾಲು ಬೇಕು. ಹಾಡಿನ ಹೆಸರು, ಹಾಡಿದವರ ಹೆಸರು, ಆಲ್ಬಂ ಹೆಸರು ಎಲ್ಲ ಸೇರಿ 40 ಅಕ್ಷರ ಆಯ್ತು ಅನ್ನಿ. ಅದಕ್ಕೆ 4 ಸಾಲು, ಜೊತೆಗೆ ಮೂಲ ಸಾಲು ಒಂದು, ಒಟ್ಟು 5. ನೂರೆರಡು ಹಾಡಿಗೆ ಪಟ್ಟಿ ಮುಗಿಯಿತು. ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ಹಾಕಿ. ಫೋಲ್ಡರ್ ಒಳಗೆ ಈ ಮಿತಿ ಇಲ್ಲ.

ಫ್ಯಾಟ್32ರಲ್ಲಿ ಒಂದೊಂದು ಫೈಲ್ 4 ಜಿಬಿ ಮೀರುವಂತಿಲ್ಲ. ಹಾಡುಗಳಿಗೆ ಇದು ಅಡ್ಡಿಯೇ ಅಲ್ಲ. ಗಂಟೆಗಟ್ಟಲೆ ಕಛೇರಿಯನ್ನು ಅತಿ ಉತ್ತಮ ಗುಣಮಟ್ಟದಲ್ಲಿ ಒಂದೇ ಫೈಲಾಗಿ ಇಟ್ಟುಕೊಳ್ಳುವವರಿಗೆ ಮಾತ್ರ ಗೊತ್ತಿರಬೇಕು.

ನಕಲಿ ಕಾರ್ಡ್ ಹೇಗೆ ಮೋಸ ಮಾಡುತ್ತದೆ

ಈ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಪ್ಲೇಯರ್ ಸರಿಯಿಲ್ಲ ಅಂತ ಬಿಸಾಡುವವರಲ್ಲಿ ಎಷ್ಟೋ ಜನರ ಕೈಲಿರುವುದು ನಕಲಿ ಕಾರ್ಡ್ ಅನ್ನುವುದು ನನ್ನ ಅನಿಸಿಕೆ.

ಕಾರ್ಡಿನೊಳಗೆ ಎರಡು ಭಾಗಗಳಿವೆ. ಒಂದು, ಡೇಟಾ ಇಡುವ ಫ್ಲಾಶ್ ಮೆಮೊರಿ. ಇನ್ನೊಂದು, ಅದನ್ನು ನೋಡಿಕೊಳ್ಳುವ ಕಂಟ್ರೋಲರ್. ‘ನಿನ್ನಲ್ಲಿ ಎಷ್ಟು ಜಾಗ ಇದೆ?’ ಅಂತ ಕೇಳಿದರೆ ಉತ್ತರ ಕೊಡುವುದು ಕಂಟ್ರೋಲರ್. ನಕಲಿ ಮಾಡುವವರು ಅದಕ್ಕೆ ಸುಳ್ಳು ಹೇಳುವುದನ್ನು ಕಲಿಸುತ್ತಾರೆ. ಒಳಗೆ ಇರುವುದು 8 ಜಿಬಿ, ಹೇಳುವುದು 128 ಜಿಬಿ. ಕಂಪ್ಯೂಟರ್ ಅದನ್ನು ನಂಬುತ್ತದೆ. ಬೇರೆ ದಾರಿ ಅದಕ್ಕಿಲ್ಲ.

ಮೊದಲ 8 ಜಿಬಿ ತುಂಬುವ ತನಕ ಎಲ್ಲ ಸರಿ. ಆಮೇಲೆ ಹಾಕಿದ ಹಾಡುಗಳು ಎಲ್ಲೂ ಉಳಿಯುವುದಿಲ್ಲ. ಆದರೂ ಹೆಸರು ಕಾಣುತ್ತದೆ, ಸೈಜ್ ಕೂಡ ಸರಿಯಾಗಿರುತ್ತದೆ. ಯಾಕೆ? ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಪುಸ್ತಕದ ಪರಿವಿಡಿಯಂತೆ ಕಾರ್ಡಿನ ಆರಂಭದಲ್ಲೇ ಇರುತ್ತದೆ. ಅದು ಬಿದ್ದಿರುವುದು ನಿಜವಾಗಿ ಇರುವ ಜಾಗದಲ್ಲಿ. ಹಾಗಾಗಿ ಪರಿವಿಡಿ ಪೂರ್ತಿ ಇದೆ, ಹಿಂದಿನ ಪುಟಗಳೇ ಇಲ್ಲ. ಪ್ಲೇಯರ್ ಆ ಹಾಡಿಗೆ ಹೋದಾಗ ಸಿಗುವುದು ಬರೀ ಸೊನ್ನೆ ಅಥವಾ ಕಸ. ಹಾಡನ್ನು ಬಿಟ್ಟು ಮುಂದಕ್ಕೆ ಹಾರುತ್ತದೆ ಅಥವಾ ಹ್ಯಾಂಗ್ ಆಗುತ್ತದೆ. ಇನ್ನು ಕೆಲವು ನಕಲಿಗಳು ಜಾಗ ಮುಗಿದ ಮೇಲೆ ತಿರುಗಿ ಮೊದಲಿನಿಂದ ಬರೆಯಲು ಶುರು ಮಾಡುತ್ತವೆ. ಆಗ ಆ ಪಟ್ಟಿಯ ಮೇಲೇ ಹಾಡು ಬೀಳುತ್ತದೆ. ಫೋಲ್ಡರ್ ಹೆಸರುಗಳೆಲ್ಲ ವಿಚಿತ್ರ ಚಿಹ್ನೆಗಳಾಗಿ ಬದಲಾಗಿದ್ದರೆ ಇದನ್ನೂ ಅನುಮಾನಿಸಿ.

ಕಣ್ಣಲ್ಲಿ ನೋಡಿ ಇದನ್ನು ಹಿಡಿಯುವುದು ಕಷ್ಟ. ಮುದ್ರಣ, ಪ್ಯಾಕೆಟ್ ಎಲ್ಲ ಅಸಲಿಯಂತೆ ಇರಬಹುದು. ಹಿಡಿಯುವ ದಾರಿ ಒಂದೇ: ಕಾರ್ಡ್ ಪೂರ್ತಿ ತುಂಬುವಂತೆ ಬರೆದು, ಬರೆದದ್ದನ್ನು ಮತ್ತೆ ಓದಿ ಹೋಲಿಸುವುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಅನ್ನುವ ಉಚಿತ ಸಾಧನಗಳು ಇದೇ ಕೆಲಸ ಮಾಡುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಳೇ ಹಿಡಿಯಬಹುದು. ಹಿಡಿಯಲಿ ಬಿಡಿ. ಹೊಸ ಕಾರ್ಡ್ ತಂದ ದಿನವೇ, ಹಾಡು ಹಾಕುವ ಮೊದಲೇ ಈ ಪರೀಕ್ಷೆ ಮಾಡಿದರೆ ಕಾರ್ಡ್ ವಾಪಸ್ ಕೊಡಲು ಇನ್ನೂ ಸಮಯ ಇರುತ್ತದೆ.

ಹಾಡು ತಡವರಿಸುವುದಕ್ಕೆ ಕಾರ್ಡಿನ ವೇಗ ಕಾರಣವಾ?

ಸಾಮಾನ್ಯವಾಗಿ ಅಲ್ಲ. 320 ಕೆಬಿಪಿಎಸ್ ಎಂಪಿ3 ಹಾಡಿಗೆ ಸೆಕೆಂಡಿಗೆ ಬೇಕಾಗುವುದು 40 ಕಿಲೋಬೈಟ್. ಸಿಡಿ ಗುಣಮಟ್ಟದ ಹಾಡನ್ನು ಒಂಚೂರೂ ಕುಗ್ಗಿಸದೆ ಇಟ್ಟರೂ 176 ಕಿಲೋಬೈಟ್. 24 ಬಿಟ್, 192 ಕಿಲೋಹರ್ಟ್ಸ್‌ನ ದೊಡ್ಡ ಫೈಲಿಗೂ 1.2 ಮೆಗಾಬೈಟ್ ಸಾಕು. ಕಾರ್ಡಿನ ಮೇಲೆ ‘10’ ಅಂತ ಬರೆದಿದ್ದರೆ ಅದು ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯಬಲ್ಲದು ಅಂತ ಅರ್ಥ. ವಿಡಿಯೊ ತೆಗೆಯುವವರಿಗೆ ಅದು ಮುಖ್ಯ. ಹಾಡು ಕೇಳಲು ಹೆಚ್ಚು ವೇಗದ ದುಬಾರಿ ಕಾರ್ಡ್ ತಗೊಂಡು ಪ್ರಯೋಜನವಿಲ್ಲ. ಕಾಪಿ ಮಾಡುವಾಗ ಸ್ವಲ್ಪ ಬೇಗ ಆಗುತ್ತದೆ, ಅಷ್ಟೆ.

ಹಾಡು ತಡವರಿಸುತ್ತಿದ್ದರೆ ಬೇರೆ ಕಾರಣ ಹುಡುಕಿ. ಪ್ರತಿ ಸಲ ಅದೇ ಹಾಡಿನ ಅದೇ ಜಾಗದಲ್ಲಿ ತಡವರಿಸಿದರೆ ಫೈಲ್ ಹಾಳಾಗಿದೆ ಅಥವಾ ಕಾರ್ಡಿನ ಆ ಭಾಗ ಓದಲಾಗುತ್ತಿಲ್ಲ. ಎಲ್ಲೆಂದರಲ್ಲಿ ತಡವರಿಸಿದರೆ ಪಿನ್ನುಗಳನ್ನು ಅಥವಾ ಬ್ಯಾಟರಿಯನ್ನು ನೋಡಬೇಕು. ಗುಣಮಟ್ಟ ಕಳೆಯದೆ ಹಾಡನ್ನು ಕುಗ್ಗಿಸಿಡುವ ಫ್ಲ್ಯಾಕ್ ಫೈಲುಗಳಲ್ಲಿ ಒಂದು ಅನುಕೂಲ ಇದೆ. ಒಳಗಿನ ಧ್ವನಿಯ ಚೆಕ್‌ಸಮ್ (ಡೇಟಾ ಬದಲಾಗಿದೆಯೇ ಅಂತ ತಾಳೆ ನೋಡುವ ಸಂಖ್ಯೆ) ಸಾಮಾನ್ಯವಾಗಿ ಫೈಲಿನಲ್ಲೇ ಸೇರಿರುತ್ತದೆ. ಫ್ಲ್ಯಾಕ್‌ನ ಪರೀಕ್ಷಾ ಆದೇಶ ಕೊಟ್ಟರೆ ಹಾಡು ಸರಿಯಿದೆಯೋ ಇಲ್ಲವೋ ಅಂತ ಕೇಳದೆಯೇ ಗೊತ್ತಾಗುತ್ತದೆ. ದೊಡ್ಡ ಸಂಗ್ರಹ ಇಟ್ಟುಕೊಂಡವರಿಗೆ ಇದು ಬಹಳ ದೊಡ್ಡ ಸಹಾಯ.

‘ಲೈಬ್ರರಿ ಅಪ್‌ಡೇಟ್ ಆಗುತ್ತಿದೆ’ ಅಂತ ನಿಂತುಬಿಟ್ಟಾಗ

ಕಾರ್ಡ್ ಹಾಕಿದ ತಕ್ಷಣ ಹಲವು ಪ್ಲೇಯರ್‌ಗಳು ಎಲ್ಲ ಹಾಡುಗಳನ್ನೂ ಒಂದೊಂದಾಗಿ ತೆರೆದು ಟ್ಯಾಗ್ ಓದುತ್ತವೆ. ಹಾಡಿನ ಹೆಸರು, ಹಾಡಿದವರು, ಆಲ್ಬಂ, ಚಿತ್ರ ಎಲ್ಲ ಅಲ್ಲಿರುತ್ತದೆ. ಅದರಿಂದ ತಮ್ಮದೇ ಒಂದು ಪಟ್ಟಿ ಮಾಡಿಕೊಳ್ಳುತ್ತವೆ. ಹಾಡುಗಳು ನಾಪತ್ತೆ ಅನ್ನಿಸಿದಾಗ ಮೊದಲು ಫೋಲ್ಡರ್ ಮೂಲಕ ಹೋಗಿ ನೋಡಿ. ಅಲ್ಲಿ ಹಾಡು ಇದೆ, ಆಲ್ಬಂ ಪಟ್ಟಿಯಲ್ಲಿ ಇಲ್ಲ ಅಂದರೆ ಕಾರ್ಡಿಗೆ ಏನೂ ಆಗಿಲ್ಲ. ಪಟ್ಟಿ ಹಳೆಯದಾಗಿದೆ, ಮತ್ತೆ ಮಾಡಿಸಿ. ಕೆಲವು ಪ್ಲೇಯರ್‌ಗಳು ಇಷ್ಟು ಸಾವಿರ ಹಾಡು ಮಾತ್ರ ಅಂತ ಮಿತಿ ಇಟ್ಟಿರುತ್ತವೆ. ಅದರಾಚೆಯ ಹಾಡುಗಳು ಪಟ್ಟಿಗೆ ಬರುವುದೇ ಇಲ್ಲ. ಕನ್ನಡದ ಹೆಸರುಗಳು ಬರೀ ಚೌಕಗಳಾಗಿ ಕಂಡರೆ ಅದು ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲದ ತೊಂದರೆ, ಕಾರ್ಡಿನದ್ದಲ್ಲ.

ಪಟ್ಟಿ ಮಾಡುವಾಗಲೇ ಪ್ಲೇಯರ್ ನಿಂತುಹೋದರೆ ಯಾವುದೋ ಒಂದು ಫೈಲ್ ಅದನ್ನು ಕಟ್ಟಿಹಾಕಿದೆ. ಹುಡುಕುವುದು ಸುಲಭ. ಅರ್ಧ ಫೋಲ್ಡರುಗಳನ್ನು ಕಾರ್ಡಿನಿಂದ ತೆಗೆದು ನೋಡಿ. ಈಗಲೂ ನಿಂತರೆ ಉಳಿದ ಅರ್ಧದಲ್ಲಿದೆ, ಇಲ್ಲದಿದ್ದರೆ ತೆಗೆದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಹಾಡಿದ್ದರೂ ಹತ್ತು ಸಲದಲ್ಲಿ ಒಂದೇ ಹಾಡಿಗೆ ಬಂದು ನಿಲ್ಲುತ್ತೀರಿ.

ಸಿಕ್ಕಿಬೀಳುವ ಫೈಲಿನಲ್ಲಿ ಹೆಚ್ಚಾಗಿ ತಪ್ಪಿರುವುದು ಆಲ್ಬಂ ಚಿತ್ರದ್ದು. 3000 ಅಗಲ, 3000 ಎತ್ತರದ ಚಿತ್ರ ಫೈಲಿನಲ್ಲಿ 2 ಎಂಬಿಯಷ್ಟೇ ಇರಬಹುದು. ಪರದೆಗೆ ತರಲು ಬಿಚ್ಚಿದರೆ ಒಂದೊಂದು ಚುಕ್ಕೆಗೆ 3 ಬೈಟ್‌ನಂತೆ 27 ಎಂಬಿ ಆಗುತ್ತದೆ. ಪುಟ್ಟ ಪ್ಲೇಯರ್‌ನ ಒಟ್ಟು ಮೆಮೊರಿಯೇ ಅಷ್ಟಿಲ್ಲದಿರಬಹುದು. ಪ್ರೋಗ್ರೆಸಿವ್ ಜೆಪೆಗ್ ಚಿತ್ರವನ್ನು ಓದಲು ಬಾರದ ಪ್ಲೇಯರ್‌ಗಳೂ ಇವೆ. ಎಂಪಿ3ಟ್ಯಾಗ್ ಥರದ ಸಾಧನದಲ್ಲಿ ಚಿತ್ರ ತೆಗೆದು, 500 ಅಗಲ 500 ಎತ್ತರದ ಮಾಮೂಲಿ ಜೆಪೆಗ್ ಹಾಕಿ. ಪರದೆ ಅಂಗೈಗಿಂತ ಚಿಕ್ಕದಿರುವಾಗ ಅದಕ್ಕಿಂತ ದೊಡ್ಡ ಚಿತ್ರದಿಂದ ಏನೂ ಲಾಭವಿಲ್ಲ, ಅಲ್ವಾ?

ಮ್ಯಾಕ್‌ನಿಂದ ಕಾಪಿ ಮಾಡಿದ ಕಾರ್ಡಿನಲ್ಲಿ ಪ್ರತಿ ಹಾಡೂ ಎರಡೆರಡು ಸಲ ಕಂಡು, ಅದರಲ್ಲಿ ಒಂದು ಹಾಡದೇ ಇದ್ದರೆ ಗಾಬರಿ ಬೇಡ. ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಹೆಸರಿನ ಪುಟ್ಟ ಫೈಲುಗಳನ್ನು ಮ್ಯಾಕ್ ತನ್ನ ಲೆಕ್ಕಕ್ಕೆ ಇಟ್ಟಿರುತ್ತದೆ. ಮ್ಯಾಕ್‌ನಲ್ಲಿ ಅವು ಕಣ್ಣಿಗೆ ಕಾಣವು, ಪ್ಲೇಯರ್ ಮಾತ್ರ ಅವನ್ನೂ ಹಾಡು ಅಂದುಕೊಳ್ಳುತ್ತದೆ. ಅಳಿಸಿದರೆ ಹಾಡಿಗೇನೂ ಆಗುವುದಿಲ್ಲ.

ಹಾಡುಗಳ ಕ್ರಮ ಅಡ್ಡಾದಿಡ್ಡಿ ಆಗಿದ್ದರೆ, ನಿಮ್ಮ ಪ್ಲೇಯರ್ ಹೆಸರು ನೋಡದೆ ಕಾರ್ಡಿಗೆ ಬರೆದ ಕ್ರಮದಲ್ಲೇ ಹಾಡುವ ಜಾತಿಯದ್ದು. ಫ್ಯಾಟ್‌ಸಾರ್ಟ್ ಎಂಬ ಸಾಧನ ಆ ಪಟ್ಟಿಯನ್ನೇ ಜೋಡಿಸಿ ಕೊಡುತ್ತದೆ.

ನಿಜವಾಗಿಯೂ ಸಾಯುತ್ತಿರುವ ಕಾರ್ಡ್

ಫ್ಲಾಶ್ ಮೆಮೊರಿಗೆ ಆಯಸ್ಸು ಇದೆ. ಬರೆದು ಅಳಿಸಿದಷ್ಟೂ ಅದರ ಕೋಶಗಳು ಸವೆಯುತ್ತವೆ. ಓದುವುದರಿಂದ ಅಷ್ಟು ಸವೆಯುವುದಿಲ್ಲ. ಹಾಗಾಗಿ ಹಾಡು ಕೇಳಲಿಕ್ಕೆ ಇಟ್ಟ ಕಾರ್ಡ್ ಸಾಮಾನ್ಯವಾಗಿ ಬಹುಕಾಲ ಬಾಳುತ್ತದೆ. ಕ್ಯಾಮೆರಾದಲ್ಲಿ ದುಡಿದು ಸುಸ್ತಾದ ಕಾರ್ಡನ್ನು ತಂದು ಪ್ಲೇಯರ್‌ಗೆ ಹಾಕಿದ್ದರೆ ಮಾತು ಬೇರೆ.

ಕಾರ್ಡಿನ ಕೊನೆಗಾಲದ ಒಂದು ಲಕ್ಷಣ ಬಹಳ ಜನರನ್ನು ತಲೆ ಕೆಡಿಸುತ್ತದೆ. ಹಾಡು ಅಳಿಸುತ್ತೀರಿ, ಅಳಿಸಿಹೋಗುತ್ತದೆ. ಫಾರ್ಮ್ಯಾಟ್ ಮಾಡುತ್ತೀರಿ, ‘ಆಯ್ತು’ ಅನ್ನುತ್ತದೆ. ಕಾರ್ಡ್ ತೆಗೆದು ಮತ್ತೆ ಹಾಕಿದರೆ ಹಳೆಯ ಹಾಡುಗಳೆಲ್ಲ ಅಲ್ಲೇ ಇವೆ. ಇದು ವೈರಸ್ ಅಲ್ಲ. ಒಳಗೆ ಸರಿಪಡಿಸಲಾಗದ ತೊಂದರೆ ಕಂಡಾಗ ಕಂಟ್ರೋಲರ್ ಬರೆಯುವುದನ್ನೇ ನಿಲ್ಲಿಸಿಬಿಟ್ಟಿದೆ. ಇರುವುದನ್ನು ಓದಲು ಬಿಡುತ್ತದೆ, ಹೊಸದನ್ನು ಸೇರಿಸಿಕೊಳ್ಳುವುದಿಲ್ಲ. ಯಾವ ಸಾಫ್ಟ್‌ವೇರೂ ಇದನ್ನು ಬಿಡಿಸುವುದಿಲ್ಲ. ಹಾಡುಗಳನ್ನು ಕಾಪಿ ಮಾಡಿಕೊಂಡು ಆ ಕಾರ್ಡಿಗೆ ವಿದಾಯ ಹೇಳಿ.

ಕಾರ್ಡ್ ಕಂಪ್ಯೂಟರ್‌ನಲ್ಲಿ ಕಾಣುತ್ತದೆ, ಆದರೆ ‘ಫಾರ್ಮ್ಯಾಟ್ ಮಾಡಬೇಕಾ?’ ಅಂತ ಕೇಳುತ್ತಿದೆ ಅಂದರೆ ‘ಬೇಡ’ ಒತ್ತಿ. ಕಾರ್ಡಿನಲ್ಲಿರುವುದು ಬೇರೆಲ್ಲೂ ಇಲ್ಲದ ಧ್ವನಿಮುದ್ರಣವಾದರೆ, ಮನೆಯ ಹಿರಿಯರ ದನಿಯೋ ಮಗುವಿನ ಮೊದಲ ಹಾಡೋ ಇದ್ದರೆ, ಇಲ್ಲಿ ಆತುರ ಮಾಡಲೇಬಾರದು. ಡಿಡಿರೆಸ್ಕ್ಯೂ ಎಂಬ ಸಾಧನ ಬಳಸಿ ಮೊದಲು ಕಾರ್ಡಿನ ಪೂರ್ತಿ ಪ್ರತಿಯನ್ನು ಒಂದು ಫೈಲಾಗಿ ತೆಗೆದುಕೊಳ್ಳಿ. ಆಮೇಲೆ ಆ ಪ್ರತಿಯ ಮೇಲೆ ಕಳೆದದ್ದನ್ನು ಹುಡುಕುವ ಟೆಸ್ಟ್‌ಡಿಸ್ಕ್ ಅಥವಾ ಫೋಟೊರೆಕ್ ಓಡಿಸಿ. ಫೋಟೊರೆಕ್ ಅಂತ ಹೆಸರಿದ್ದರೂ ಅದು ಹಾಡಿನ ಫೈಲುಗಳನ್ನೂ ಹುಡುಕಿ ಕೊಡುತ್ತದೆ. ಹೆಸರುಗಳು ಹೋಗಿರುತ್ತವೆ, ಹಾಡು ಸಿಗುತ್ತದೆ. ವಿಂಡೋಸ್‌ನ ಚೆಕ್‌ಡಿಸ್ಕ್ ಸಾಧನವನ್ನು ಪ್ರತಿ ತೆಗೆಯುವ ಮೊದಲು ಓಡಿಸಬೇಡಿ. ಅದು ಕಾರ್ಡಿನ ಮೇಲೇ ಬರೆದು ರಿಪೇರಿ ಮಾಡುತ್ತದೆ. ಒಂದಕ್ಕೊಂದು ಕೊಂಡಿ ತಪ್ಪಿದ ತುಂಡುಗಳನ್ನು ಅರ್ಥವಾಗದ ಹೆಸರಿನ ಫೈಲುಗಳನ್ನಾಗಿ ಮಾಡಿಬಿಡುತ್ತದೆ. ಬೇರೆ ಕಡೆ ಪ್ರತಿ ಇರುವ ಹಾಡುಗಳಾದರೆ ಚಿಂತೆಯಿಲ್ಲ, ಚೆಕ್‌ಡಿಸ್ಕ್ ಓಡಿಸಿ.

ಇಂಥ ಕೊಂಡಿ ತಪ್ಪುವುದು ಹೆಚ್ಚಾಗಿ ನಮ್ಮ ಅವಸರದಿಂದ. ಕಾಪಿ ಮುಗಿಯಿತು ಅಂತ ಪರದೆ ಹೇಳಿದ ಮೇಲೂ ಕಂಪ್ಯೂಟರ್ ಇನ್ನೂ ಬರೆಯುತ್ತಿರಬಹುದು. ಕೊನೆಯ ಹಾಡುಗಳು ಮತ್ತು ಆ ಫೈಲ್ ಪಟ್ಟಿ ಇನ್ನೂ ಕಾರ್ಡಿಗೆ ಹೋಗಿರುವುದಿಲ್ಲ. ಆಗ ಕಾರ್ಡ್ ಕಿತ್ತರೆ ಪಟ್ಟಿ ಒಂದು ಹೇಳುತ್ತದೆ, ಒಳಗೆ ಇನ್ನೊಂದು ಇರುತ್ತದೆ. ‘ಇಜೆಕ್ಟ್’ ಒತ್ತಿ, ಅದು ಹೂಂ ಅಂದ ಮೇಲೆ ತೆಗೆಯಿರಿ. ಪ್ಲೇಯರ್‌ನಲ್ಲೂ ಆಫ್ ಮಾಡಿದ ಮೇಲೆಯೇ ಕಾರ್ಡ್ ತೆಗೆಯಬೇಕು. ಹಾಡು ಎಲ್ಲಿಗೆ ನಿಂತಿತ್ತು ಅನ್ನುವ ಗುರುತು, ಹಾಡುಗಳ ಪಟ್ಟಿ ಇವನ್ನು ಎಷ್ಟೋ ಪ್ಲೇಯರ್‌ಗಳು ಕಾರ್ಡಿನ ಮೇಲೆಯೇ ಬರೆಯುತ್ತಿರುತ್ತವೆ. ಬ್ಯಾಟರಿ ತಳ ಹಿಡಿದಾಗ ದೊಡ್ಡ ಕಾರ್ಡ್ ಹಾಕಿ ಪಟ್ಟಿ ಮಾಡಿಸಬೇಡಿ, ಮಧ್ಯದಲ್ಲಿ ಆಫ್ ಆದರೂ ಇದೇ ಗತಿ.

ದೊಡ್ಡ ಸಂಗ್ರಹ ಕಾಪಿ ಮಾಡಿದಾಗ ನಾನು ಬಿಡದೆ ಮಾಡುವ ಒಂದು ಕೆಲಸವಿದೆ. ಕಾಪಿ ಮುಗಿದ ಮೇಲೆ ಕಾರ್ಡ್ ಇಜೆಕ್ಟ್ ಮಾಡಿ, ತೆಗೆದು ಮತ್ತೆ ಹಾಕಿ, ಆಮೇಲೆ ಮೂಲ ಫೋಲ್ಡರ್ ಜೊತೆ ಹೋಲಿಸುತ್ತೇನೆ. ತೆಗೆಯದೆ ಹೋಲಿಸಿದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿರುವ ಪ್ರತಿಯನ್ನೇ ಓದಿ ‘ಎಲ್ಲ ಸರಿ’ ಅಂದುಬಿಡಬಹುದು. ಮತ್ತೆ ಹಾಕಿದಾಗ ಕಾರ್ಡಿನಿಂದಲೇ ಓದಬೇಕಾಗುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆರ್‌ಸಿಂಕ್ ಎಂಬ ಕಾಪಿ ಸಾಧನಕ್ಕೆ ಚೆಕ್‌ಸಮ್ ಆಯ್ಕೆ ಕೊಟ್ಟು ಓಡಿಸಿದರೆ ಎರಡೂ ಕಡೆಯ ಫೈಲುಗಳನ್ನು ಪೂರ್ತಿ ಓದಿ ಹೋಲಿಸುತ್ತದೆ. ಯಾವುದಾದರೂ ಹಾಡು ಬೇರೆಯಾಗಿ ಕಂಡರೆ ಆ ಕಾರ್ಡನ್ನು ಎಚ್2ಟೆಸ್ಟ್‌ಡಬ್ಲ್ಯು ಅಥವಾ ಎಫ್3 ಪರೀಕ್ಷೆಗೆ ಹಾಕಿ. ಅಲ್ಲೂ ತಪ್ಪು ಬಂದರೆ ಆ ಕಾರ್ಡನ್ನು ಇನ್ನು ನಂಬಬೇಡಿ.